38 ಒದ್ದೆ ಚೀಲ, ಒಂದು ಇಂಗ್ಲಿಷ್ ರಿಪೋರ್ಟು

ನಮ್ಮ ಕೋಲ್ಡ್ ಸ್ಟೋರೇಜಿನ ಮೂರನೇ ಚೇಂಬರಿನ ಬಾಗಿಲು ಒಂದು ಗೇಣಿನಷ್ಟು ತೆರೆದಿತ್ತು. ಜೂನ್ 17, ಮಂಗಳವಾರ. ಬೆಳಿಗ್ಗೆ ಏಳಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಬಾಗಿಲ ಮುಂದಿನ ನೆಲ ಒದ್ದೆ. ಒಳಗೆ ಹೋದರೆ ಮುಂದಿನ ಸಾಲಿನ ಚೀಲಗಳ ಮೇಲೆಲ್ಲ ಹನಿ ಹನಿ ನೀರು. ಹೊರಗೆ ಎರಡು ದಿನದಿಂದ ಜಿಟಿಜಿಟಿ ಮಳೆ ಹಿಡಿದಿತ್ತು. ಆ ತೇವದ ಗಾಳಿ ಒಳಗೆ ನುಗ್ಗಿ, ತಣ್ಣನೆ ಚೀಲಕ್ಕೆ ತಾಗಿ ನೀರಾಗಿತ್ತು. ಫ್ರಿಜ್ಜಿನಿಂದ ತೆಗೆದಿಟ್ಟ ಬಾಟಲಿ ಬೆವರುತ್ತದಲ್ಲ, ಹಾಗೆ. ಎಣಿಸಿದೆ. 212 ಚೀಲದಲ್ಲಿ 38 ಒದ್ದೆ.

ನಾನು ಬ್ಯಾಡಗಿ ತಾಲೂಕಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕ್ವಾಲಿಟಿ ಅಸಿಸ್ಟೆಂಟ್. ಮೆಣಸಿನಕಾಯಿಯ ತೇವ ನೋಡೋದು, ಬಣ್ಣ ಅಳೆಯೋದು, ರಿಜಿಸ್ಟರ್ ಬರೆಯೋದು ನನ್ನ ಕೆಲಸ. ಹತ್ತನೇ ತನಕ ಕನ್ನಡ ಮೀಡಿಯಂ. ಆಮೇಲೆ ಹಾವೇರಿಯಲ್ಲಿ ಬಿ.ಎಸ್ಸಿ. ಇಂಗ್ಲಿಷ್ ಓದಿದರೆ ತಿಳಿಯುತ್ತದೆ. ಮಾತಾಡಬೇಕೆಂದರೆ ಮೊದಲು ತಲೆಯೊಳಗೆ ಒಂದು ಸಲ ಹೇಳಿಕೊಳ್ಳಬೇಕು. ಬರೆಯೋದು ಅಂದರೆ ರಜೆ ಚೀಟಿ ಮತ್ತು ವಾಟ್ಸಾಪ್, ಅಷ್ಟೇ.

ಒದ್ದೆಯಾದ ಮಾಲು ಕೊಚ್ಚಿಯ ಒಂದು ಪಾರ್ಟಿಯದು. ಅವರು ಕಾಯಿಯಿಂದ ಬಣ್ಣ ತೆಗೆದು ಹೊರದೇಶಕ್ಕೆ ಮಾರುವವರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಅದರ ಹೆಸರು ಇರೋದೇ ಬಣ್ಣಕ್ಕೆ, ಖಾರಕ್ಕಲ್ಲ. ಅದರಲ್ಲೂ ಡಬ್ಬಿ ಅನ್ನೋದು ಗಿಡ್ಡ, ಸುಕ್ಕು ಸುಕ್ಕಾದ ಕಾಯಿ. ಕಡ್ಡಿ ಅನ್ನೋದು ಉದ್ದ, ತೆಳ್ಳಗೆ. ಬಣ್ಣದಲ್ಲಿ ಡಬ್ಬಿಯೇ ಮುಂದೆ. ಈ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ, ತಿಂಡಿ ಪೊಟ್ಟಣಕ್ಕೂ ಹೋಗುತ್ತದೆ. ಹಾಗಾಗಿ ಒಂದು ಚೀಲ ತೇವ ಹಿಡಿದರೂ ಅವರು ಬಿಡೋದಿಲ್ಲ. ತೇವ ಬಂತೆಂದರೆ ಹಿಂದೆಯೇ ಬೂಷ್ಟು.

ನಮ್ಮ ಸಾವ್ಕಾರ್ರು ಆವತ್ತೇ ಫೋನ್ ಮಾಡಿ ಇದ್ದದ್ದು ಇದ್ದಂಗೆ ಹೇಳಿದರು. ಆ ಕಡೆಯ ಕ್ವಾಲಿಟಿ ಸರ್ ಸಿಟ್ಟಾಗಲಿಲ್ಲ. ಶುಕ್ರವಾರದೊಳಗೆ ಇಂಗ್ಲಿಷಿನಲ್ಲಿ ಒಂದು ಫಾರ್ಮಲ್ ರಿಪೋರ್ಟ್ ಕಳಿಸಿ ಅಂದರು. ಸಾವ್ಕಾರ್ರು ಫೋನ್ ಇಟ್ಟು ನನ್ನ ಕಡೆ ನೋಡಿದರು. "ತಂಗಿ, ನೀ ಡಿಗ್ರಿ ಮಾಡೀದಿ. ಬರದು ಒಗಿ."

ಬರೆದು ಒಗೆದೆ. ಅದೇ ಸಂಜೆ, ಮೂರು ಪುಟ. ಶುರು ಹೇಗಿತ್ತು ಅಂದರೆ, "ರೆಸ್ಪೆಕ್ಟೆಡ್ ಸರ್, ವಿತ್ ರೆಫರೆನ್ಸ್ ಟು ದ ಅಬವ್ ಸಬ್ಜೆಕ್ಟ್, ಐ ಬೆಗ್ ಟು ಸ್ಟೇಟ್ ದಟ್". ಒಂಬತ್ತನೇ ಇಯತ್ತೆಯಲ್ಲಿ ಜ್ವರ ಬಂದಾಗ ಹೆಡ್ ಮಾಸ್ತರರಿಗೆ ಬರೆಯೋ ಚೀಟಿಯ ಶುರು ಅದು. ಕೊನೆಗೆ "ಕೈಂಡ್ಲಿ ಡು ದ ನೀಡ್‌ಫುಲ್". ನಡುವೆ ಮಳೆ, ಕರೆಂಟು, ವಾಚ್‌ಮನ್, ಹಮಾಲರು, ನಮ್ಮ ಸಂಸ್ಥೆ ಎಷ್ಟು ವರ್ಷದಿಂದ ಪ್ರಾಮಾಣಿಕವಾಗಿ ನಡೆದಿದೆ, ಎಲ್ಲ ಇತ್ತು. ತಪ್ಪಾಗಿದ್ದಕ್ಕೆ ಎರಡು ಕಡೆ ಕ್ಷಮೆ ಕೇಳಿದ್ದೆ. ಚೀಲ ಎಷ್ಟು ಒದ್ದೆಯಾಗಿವೆ ಅನ್ನೋದು ಎರಡನೇ ಪುಟದ ಕೆಳಗೆ ಬರುತ್ತಿತ್ತು.

ಬುಧವಾರ ಬೆಳಿಗ್ಗೆ ಕೊಚ್ಚಿಯಿಂದ ನನಗೇ ಫೋನ್ ಬಂತು. ಅವರ ಇಂಗ್ಲಿಷ್ ಸರಳ, ನಿಧಾನ. ಅವರು ಅಂದದ್ದನ್ನು ಕನ್ನಡದಲ್ಲಿ ಹೇಳುತ್ತೇನೆ. "ಇದು ಪತ್ರ, ರಿಪೋರ್ಟಲ್ಲ. ನಾನು ಇದನ್ನು ನನ್ನ ಮೇಲಿನವರಿಗೆ ಕಳಿಸಬೇಕು. ಅವರು ನಿಮ್ಮ ಊರು ನೋಡಿಲ್ಲ, ನಿಮ್ಮನ್ನೂ ನೋಡಿಲ್ಲ. ಅವರಿಗೆ ಒಂದು ನಿಮಿಷದಲ್ಲಿ ಏನಾಯಿತು ಅಂತ ತಿಳೀಬೇಕು." ಆಮೇಲೆ ಒಂದು ಪ್ರಶ್ನೆ ಕೇಳಿದರು. "ಎರಡನೇ ಪುಟದಲ್ಲಿ ಡ್ಯಾಮೇಜಸ್ ಅಂತ ಬರೆದಿದ್ದೀರಿ. ದುಡ್ಡು ಕೊಡ್ತೀರಾ?"

ನನಗೆ ಅರ್ಥವಾಗಲಿಲ್ಲ. ನಾನು ಬರೆದದ್ದು "ಡ್ಯಾಮೇಜಸ್ ಟು 38 ಬ್ಯಾಗ್ಸ್". ಚೀಲ ಜಾಸ್ತಿ, ಅದಕ್ಕೆ ಡ್ಯಾಮೇಜಿಗೂ ಒಂದು ಎಸ್ ಹಚ್ಚಿದ್ದೆ. ಅವರು ನಕ್ಕು ಹೇಳಿದರು. ಹಾಳಾಗೋದಕ್ಕೆ ಡ್ಯಾಮೇಜ್ ಅನ್ನುತ್ತಾರೆ, ಅದಕ್ಕೆ ಬಹುವಚನ ಇಲ್ಲ, ನೂರು ಚೀಲ ಹಾಳಾದರೂ ಅಷ್ಟೇ. ಡ್ಯಾಮೇಜಸ್ ಅಂದರೆ ಕೋರ್ಟಿನಲ್ಲಿ ಕೊಡಿಸೋ ಪರಿಹಾರದ ಹಣ. ಒಂದು ಎಸ್ ಹಚ್ಚಿ ನಾನು ಸಾವ್ಕಾರ್ರ ಕಿಸೆಗೆ ಕೈ ಹಾಕಿದ್ದೆ! ಇನ್ಫರ್ಮೇಷನ್, ಎಕ್ವಿಪ್‌ಮೆಂಟ್ ಕೂಡ ಇದೇ ಜಾತಿ, ಎಸ್ ಹತ್ತೋದಿಲ್ಲ. ಅವಕ್ಕೆ ಹಚ್ಚಿದರೆ ಓದುವವರು ನಗುತ್ತಾರೆ, ಅಷ್ಟೇ. ಡ್ಯಾಮೇಜಿನ ವಿಷಯ ಹಾಗಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಉಪಾಯ ಹೊಳೆಯಿತು. ಕನ್ನಡದಲ್ಲೇ ಚೆನ್ನಾಗಿ ಬರೆದು ಫೋನಿನ ಟ್ರಾನ್ಸ್‌ಲೇಟ್ ಆಪಿಗೆ ಕೊಟ್ಟರಾಯಿತು ಅಲ್ವಾ? ಕೊಟ್ಟೆ. ಡಬ್ಬಿ ಮೆಣಸಿನಕಾಯಿ "ಬಾಕ್ಸ್ ಚಿಲ್ಲಿ" ಆಗಿ ಬಂತು. ಕೊಚ್ಚಿಯವರು ಡಬ್ಬಿಯೊಳಗೆ ಪ್ಯಾಕ್ ಮಾಡಿದ ಕಾಯಿ ಅಂದುಕೊಳ್ಳಬೇಕು. ಇನ್ನೊಂದು ಎಐ ಆಪಿಗೆ ಕೊಟ್ಟೆ. ಅದು ಡಬ್ಬಿಯನ್ನು ಹಾಗೇ ಬಿಟ್ಟಿತು, ಇಂಗ್ಲಿಷೂ ಎಣ್ಣೆ ಹಚ್ಚಿ ಬಾಚಿದ ಹಾಗಿತ್ತು. ಆದರೆ ನಡುವೆ "ತಕ್ಷಣ ಎಲ್ಲ ಚೀಲಗಳನ್ನು ಬೇರ್ಪಡಿಸಿ ಒಣಗಿಸಲಾಯಿತು" ಅನ್ನೋ ಅರ್ಥದ ಒಂದು ಸಾಲು ತಾನೇ ಸೇರಿಸಿತ್ತು. ನಾವು ಬೇರ್ಪಡಿಸಿದ್ದೆವು, ಒಣಗಿಸಿರಲಿಲ್ಲ. ಮಳೆಯಲ್ಲಿ ಎಲ್ಲಿ ಒಣಗಿಸೋದು? ಓದುತ್ತ ಹೋದಾಗ ಆ ಸಾಲು ಎಷ್ಟು ಸಹಜವಾಗಿ ಕೂತಿತ್ತು ಅಂದರೆ, ನಾನೇ ಮೊದಲ ಸಲ ಗಮನಿಸಲಿಲ್ಲ. ಅಲ್ಲಿಗೆ ಆ ಆಪನ್ನು ಸ್ಪೆಲಿಂಗ್ ನೋಡೋಕೆ ಮಾತ್ರ ಇಟ್ಟುಕೊಂಡೆ.

ಸಂಜೆ ಕಾಕಾನ ಮನೆಗೆ ಹೋದೆ. ಹೋದದ್ದು ಕಾಕಾನ ಮಗನನ್ನು ಹುಡುಕಿಕೊಂಡು. ಅವನು ಧಾರವಾಡದಲ್ಲಿ ಇಂಗ್ಲಿಷ್ ಪರೀಕ್ಷೆಗೆ ಕೋಚಿಂಗ್ ಹೋಗುತ್ತಾನೆ, ಹೊರದೇಶಕ್ಕೆ ಹೋಗಬೇಕೆಂದು. ಮಳೆ ಅಂತ ಎರಡು ದಿನ ಊರಿಗೆ ಬಂದಿದ್ದ. ಅವನ ಬ್ಯಾಗಿನಲ್ಲಿ ಒಂದು ಹಳೆ ಅಭ್ಯಾಸ ಪುಸ್ತಕ ಇತ್ತು. ಅದರಿಂದ ಗೊತ್ತಾಯಿತು, ಕೇಂಬ್ರಿಡ್ಜಿನ ಬಿ2 ಫಸ್ಟ್ ಪರೀಕ್ಷೆಯಲ್ಲಿ ರಿಪೋರ್ಟ್ ಬರೆಯೋದು ಒಂದು ಆಯ್ಕೆ ಪ್ರಶ್ನೆ. 140ರಿಂದ 190 ಪದ. ಅದರ ಮೇಲಿನ ಸಿ1 ಅಡ್ವಾನ್ಸ್ಡ್‌ನಲ್ಲಿ 220ರಿಂದ 260. ಅವನು ಬರೆಯೋ ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಚಾರ್ಟ್ ನೋಡಿ ಕನಿಷ್ಠ 150 ಪದ ಬರೆಯಬೇಕಂತೆ, 20 ನಿಮಿಷದಲ್ಲಿ. ನನ್ನ ಮೂರು ಪುಟ ಎಣಿಸಿದೆವು. 1,100 ಪದ ದಾಟಿತ್ತು.

ಪುಸ್ತಕದ ಮಾದರಿ ರಿಪೋರ್ಟ್ ನೋಡಿದೆ. "ಡಿಯರ್ ಸರ್" ಇಲ್ಲ. ಮೇಲೆ ಒಂದು ತಲೆಬರಹ. ಕೆಳಗೆ ಸಣ್ಣ ಸಣ್ಣ ಹೆಡ್ಡಿಂಗು: ಇಂಟ್ರೊಡಕ್ಷನ್, ಫೈಂಡಿಂಗ್ಸ್, ಕನ್‌ಕ್ಲೂಷನ್, ರೆಕಮೆಂಡೇಷನ್ಸ್. ಮೊದಲ ಸಾಲೇ "ದ ಪರ್ಪಸ್ ಆಫ್ ದಿಸ್ ರಿಪೋರ್ಟ್ ಈಸ್ ಟು". ಅಂದರೆ ಈ ಕಾಗದ ಯಾಕೆ ಬರೆದದ್ದು ಅನ್ನೋದು ಮೊದಲೇ. ನನಗೆ ಅದು ಸ್ವಲ್ಪ ಒರಟು ಅನ್ನಿಸಿತು. ನಮ್ಮಲ್ಲಿ ಮನೆಗೆ ಬಂದವರು ಮೊದಲು ನೀರು ಕುಡಿದು, ಮಳೆ ಬೆಳೆ ಮಾತಾಡಿ, ಎದ್ದು ಹೊರಡುವಾಗ ಬಂದ ಕೆಲಸ ಹೇಳುತ್ತಾರೆ.

ಕಾಕಾ ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಅವನು ನಿವೃತ್ತ ತಲಾಟಿ. ಆಗಿನ ಕಾಗದದಲ್ಲಿ ಗ್ರಾಮ ಲೆಕ್ಕಾಧಿಕಾರಿ, ಊರವರ ಬಾಯಲ್ಲಿ ತಲಾಟಿ. ಇಂಗ್ಲಿಷ್ ಅಷ್ಟಕ್ಕಷ್ಟೇ.

"ಏನ್ ಬರ್ಯಾಕತ್ತೀಯವಾ?" ಅಂದ.

"ರಿಪೋರ್ಟ್ ಕಾಕಾ. ಚೀಲ ತೊಯ್ದದ್ದಕ್ಕ."

"ಪಂಚನಾಮೆ ಅನ್ನು."

ಎದ್ದು ಒಳಗೆ ಹೋಗಿ ಟ್ರಂಕಿನಿಂದ ಒಂದು ಹಳೆ ಜೆರಾಕ್ಸ್ ತಂದ. 2019ರ ಆಗಸ್ಟಿನಲ್ಲಿ ವರದಾ ನದಿ ಉಕ್ಕಿ ಬಂದಾಗ ಬಿದ್ದ ಒಂದು ಮನೆಯ ಪಂಚನಾಮೆ. ಆ ವರ್ಷ ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ಮೂರು ಭಾಗ ಮಾಡಿದ್ದರು. ಕಾಕಾನ ಕೈಬರಹದಲ್ಲಿ ತಾರೀಖು, ವೇಳೆ, ಪಂಚರ ಹೆಸರು, ವಯಸ್ಸು, ಉದ್ಯೋಗ, ಮನೆಯ ನಂಬರು, ನಾಲ್ಕೂ ದಿಕ್ಕಿಗೆ ಯಾರ ಮನೆ. ಆಮೇಲೆ: ಮೂಡಣ ಗೋಡೆ ಇಷ್ಟು ಅಡಿ ಉದ್ದ ಕುಸಿದಿರುವುದು ಕಂಡುಬಂದಿತು. ಮೇಲ್ಛಾವಣಿಯ ಇಷ್ಟು ಜಂತಿ ಮುರಿದಿರುವುದು ಕಂಡುಬಂದಿತು. ನೆಲದಿಂದ ಇಷ್ಟು ಎತ್ತರಕ್ಕೆ ನೀರಿನ ಗುರುತು ಕಂಡುಬಂದಿತು.

"ಆ ಮನ್ಯಾಗ ಒಬ್ಬಾಕಿ ಮುದುಕಿ ಇದ್ಲು. ಮಳ್ಯಾಗ ಕುಂತು ಅಳಾಕತ್ತಿದ್ಲು. ನನಗೂ ಅಳು ಬಂತು. ಆದ್ರ ಅದನ್ನ ಇದರಾಗ ಬರದಿಲ್ಲ ನೋಡು" ಅಂದ ಕಾಕಾ. "ಕಂಡದ್ದು ಅಷ್ಟ ಬರದ್ರ ಆಕಿಗೆ ರೊಕ್ಕ ಬರ್ತೈತಿ. ಪಾಪ ಅಂತ ಬರದ್ರ ಮ್ಯಾಲಿನವ್ರು, ಈ ತಲಾಟಿ ಆಕಿ ಕಡೆಯವ ಅಂತಾರ."

ನಾನು ಆ ಜೆರಾಕ್ಸನ್ನೂ ಪುಸ್ತಕದ ಮಾದರಿಯನ್ನೂ ಪಕ್ಕಪಕ್ಕ ಇಟ್ಟೆ. ಎರಡೂ ಒಂದೇ! "ಕಂಡುಬಂದಿತು" ಅನ್ನೋ ಕಡೆ ಇಂಗ್ಲಿಷಿನಲ್ಲಿ "ವಾಸ್ ಫೌಂಡ್", "ವಾಸ್ ಅಬ್ಸರ್ವ್ಡ್". "ಪರಿಶೀಲಿಸಲಾಯಿತು" ಅನ್ನೋ ಕಡೆ "ವಾಸ್ ಇನ್‌ಸ್ಪೆಕ್ಟೆಡ್". ಶಾಲೆಯಲ್ಲಿ ಪ್ಯಾಸಿವ್ ವಾಯ್ಸ್ ಅಂದರೆ ರಾಮ ಮಾವಿನಹಣ್ಣು ತಿಂದದ್ದನ್ನು ತಿರುವಿ ಹಾಕೋ ಸರ್ಕಸ್ಸು. ಅದು ಯಾತಕ್ಕೆ ಬೇಕು ಅಂತ ಒಬ್ಬರೂ ಹೇಳಿರಲಿಲ್ಲ. ಯಾತಕ್ಕೆ ಅಂದರೆ ಇದಕ್ಕೆ. ಸರ್ಕಾರಿ ಕನ್ನಡ ಬಂದವರಿಗೆ ಅರ್ಧ ರಿಪೋರ್ಟ್ ಬಂದ ಹಾಗೇ, ನನ್ನ ಲೆಕ್ಕದಲ್ಲಿ.

ಹಾಗಂತ ಎಲ್ಲ ಕಡೆ ಪ್ಯಾಸಿವ್ ತುರುಕಬಾರದು. ಒಂದು ಸಾಲನ್ನು ನಾನು "ದ ರೀಡಿಂಗ್ ವಾಸ್ ಟೇಕನ್ ಬೈ ಮಿ ಬೈ ಯೂಸಿಂಗ್ ಆಫ್ ಮೀಟರ್" ಅಂತ ಬರೆದಿದ್ದೆ. ಕಾಕಾನ ಮಗ ಹೊಟ್ಟೆ ಹಿಡಿದುಕೊಂಡು ನಕ್ಕ.

ರಾತ್ರಿ ಊಟ ಅಲ್ಲೇ ಆಯಿತು. ಆಮೇಲೆ ಹೊಸದಾಗಿ ಬರೆಯೋಕೆ ಕೂತೆ. ಮೊದಲ ಸಾಲಲ್ಲೇ ಸಿಕ್ಕಿಕೊಂಡೆ. ನಾನು ಬರೆದದ್ದು "ದ ಡೋರ್ ವಾಸ್ ಲೆಫ್ಟ್ ಓಪನ್". ಬಾಗಿಲು ತೆರೆದಿತ್ತು ಅಂತ ನನ್ನ ಅರ್ಥ. ಹುಡುಗ ಅಂದ, "ಅಕ್ಕಾ, ಲೆಫ್ಟ್ ಅಂದ್ರ ಯಾರೋ ಬಿಟ್ಟು ಹೋದ್ರು ಅಂತಾತು. ನೀ ನೋಡೀಯೇನು?"

ನೋಡಿರಲಿಲ್ಲ. ನಾನು ನೋಡಿದ್ದು ತೆರೆದ ಬಾಗಿಲು. "ದ ಡೋರ್ ವಾಸ್ ಫೌಂಡ್ ಓಪನ್ ಅಟ್ 6:50 ಎಎಂ" ಅಂದರೆ ಸರಿ. ಲೆಫ್ಟ್ ಮತ್ತು ಫೌಂಡ್, ಎರಡೂ ನಾಲ್ಕೈದು ಅಕ್ಷರದ ಶಬ್ದ. ಒಂದರಲ್ಲಿ ಆರೋಪ ಇದೆ, ಇನ್ನೊಂದರಲ್ಲಿ ಇಲ್ಲ. ಕನ್ನಡದ "ತೆರೆದಿತ್ತು" ಯಾರ ತಂಟೆಗೂ ಹೋಗೋದಿಲ್ಲ. ನಾನು ಆ ಮುಗ್ಧ ಶಬ್ದವನ್ನು ಇಂಗ್ಲಿಷಿಗೆ ಒಯ್ದು ಅಲ್ಲಿ ಜಗಳಗಂಟಿ ಮಾಡಿದ್ದೆ.

ಜಗಳ ಯಾರ ಮೇಲೆ ಅನ್ನೋದೂ ಮೊದಲ ರಿಪೋರ್ಟಿನಲ್ಲಿ ಇತ್ತು. "ಡ್ಯೂ ಟು ಕೇರ್‌ಲೆಸ್‌ನೆಸ್ ಆಫ್ ಹಮಾಲ್ಸ್". ಸಂಜೆ ಕೊನೆಯ ಲೋಡು ಇಳಿಸಿದ ಮೇಲೆ ಹಮಾಲರು ಬಾಗಿಲನ್ನು ಸರಿಯಾಗಿ ಎಳೆಯಲಿಲ್ಲವಂತೆ. ಈ ಸಾಲನ್ನು ಹೊಸದರಲ್ಲಿ ಬರೆಯೋಕೆ ಹೋದಾಗ "ಅಂತೆ" ನನ್ನನ್ನು ಹಿಡಿದು ನಿಲ್ಲಿಸಿತು. ಕನ್ನಡದಲ್ಲಿ ಮಾತಿನ ಬಾಲಕ್ಕೆ ಒಂದು ಅಂತೆ ಅಂಟಿಸಿದರೆ ಮುಗಿಯಿತು. ನಾನು ನೋಡಿಲ್ಲ, ಯಾರೋ ಹೇಳಿದ್ದು ಅಂತ ಕೇಳುವವರಿಗೆ ಗೊತ್ತಾಗುತ್ತದೆ. ಯಾರು ಹೇಳಿದ್ದು ಅಂತ ಯಾರೂ ಕೇಳೋದಿಲ್ಲ. ಇಂಗ್ಲಿಷಿನಲ್ಲಿ ಆ ಬಾಲ ಇಲ್ಲ. "ಅಕಾರ್ಡಿಂಗ್ ಟು" ಅಂತ ಶುರು ಮಾಡಿದರೆ ಮುಂದೆ ಒಂದು ಹೆಸರೋ ಹುದ್ದೆಯೋ ಬರಲೇಬೇಕು. "ಇಟ್ ವಾಸ್ ರಿಪೋರ್ಟೆಡ್ ದಟ್" ಅಂತ ತೇಲಿಸಬಹುದು. ಆದರೆ ಕೊಚ್ಚಿಯ ಸರ್ ಬಿಡುತ್ತಾರಾ? "ಬೈ ಹೂಮ್?" ಅಂತ ಕೇಳೇ ಕೇಳುತ್ತಾರೆ.

ಕಾಕಾ ಎಲೆ ಅಡಿಕೆ ಉಗುಳಿ ಬಂದು ಅದನ್ನೇ ಹೇಳಿದ. "ಕಂಡದ್ದು ಒಂದ್ ಕಡಿ ಬರಿ. ಕೇಳಿದ್ದು ಒಂದ್ ಕಡಿ, ಯಾರು ಹೇಳಿದ್ರಂತ ಸೈತ. ನಿನಗ ಅನಿಸಿದ್ದು ಕಡೀಕ."

ನನ್ನ ಮೂರು ಪುಟದಲ್ಲಿ ದೊಡ್ಡ ದೊಡ್ಡ ಅಂತೆ ಮೂರು ಸಿಕ್ಕವು. ಗುರುವಾರ ಬೆಳಿಗ್ಗೆ ಕೆಲಸಕ್ಕೆ ಹೋದವಳೇ ಅವುಗಳ ಬೆನ್ನು ಹತ್ತಿದೆ.

ಒಂದನೇದು, ರಾತ್ರಿ ಹನ್ನೊಂದಕ್ಕೆ ಬಾಗಿಲು ಮುಚ್ಚಿತ್ತಂತೆ. ವಾಚ್‌ಮನ್ ಅಜ್ಜನನ್ನು ಕೇಳಿದೆ. ಹೌದು, ತಾನೇ ಟಾರ್ಚ್ ಬಿಟ್ಟು ನೋಡಿದ್ದು ಅಂದ. ಇದು "ಅಕಾರ್ಡಿಂಗ್ ಟು ದ ನೈಟ್ ವಾಚ್‌ಮನ್" ಆಯಿತು. ಎರಡನೇದು, ರಾತ್ರಿ ಒಂದು ಗಂಟೆ ಸುಮಾರಿಗೆ ಕರೆಂಟು ಹೋಗಿತ್ತಂತೆ. ಜನರೇಟರ್ ಬುಕ್ಕು ತೆಗೆಸಿ ನೋಡಿದೆ. 1:10ಕ್ಕೆ ಚಾಲೂ, 2:35ಕ್ಕೆ ಬಂದ್. ಇದು ಈಗ ಅಂತೆ ಅಲ್ಲ, ನಾನು ಕಣ್ಣಾರೆ ನೋಡಿದ ದಾಖಲೆ. ಫೈಂಡಿಂಗ್ಸ್ ಕೆಳಗೆ ಹೋಯಿತು. ಮೂರನೇದು, ಹಮಾಲರು. ನನಗೆ ಹೇಳಿದ್ದು ಸೂಪರ್‌ವೈಸರ್. ಅವನಿಗೆ ಹೇಳಿದ್ದು ಲಾರಿ ಡ್ರೈವರ್. ಡ್ರೈವರಿಗೆ ಫೋನ್ ಮಾಡಿದರೆ, "ನಾ ಯಾವಾಗ ಹೇಳೀನಿ? ಚಹಾದಂಗಡ್ಯಾಗ ಯಾರೋ ಅನ್ನಾಕತ್ತಿದ್ರು" ಅಂದ. ಮೇಲಾಗಿ, ಹನ್ನೊಂದಕ್ಕೆ ಬಾಗಿಲು ಮುಚ್ಚಿತ್ತು ಅಂತ ವಾಚ್‌ಮನ್ ಅಜ್ಜ ಹೇಳುತ್ತಾನೆ. ಹಮಾಲರು ಮನೆಗೆ ಹೋದದ್ದು ಏಳಕ್ಕೆ.

ಆಮೇಲೆ ಬಾಗಿಲ ಹತ್ತಿರ ಹೋಗಿ ಕೂತು ನೋಡಿದೆ. ಇದನ್ನು ಮಂಗಳವಾರವೇ ಮಾಡಬೇಕಿತ್ತು, ನಿಜ. ಕೆಳಗಿನ ಅಂಚಿನ ರಬ್ಬರು ಎರಡು ಗೇಣಿನಷ್ಟು ಹರಿದು ಜೋತುಬಿದ್ದಿತ್ತು. ಚಿಲಕ ಹಾಕಿದರೂ ಬಾಗಿಲನ್ನು ಒಂದು ಸಲ ಒಳಗಿನಿಂದ ತಳ್ಳಿದರೆ ತಾನೇ ಬಿಟ್ಟುಕೊಳ್ಳುತ್ತಿತ್ತು. ಕರೆಂಟು ಬಂದು ಫ್ಯಾನು ಒಮ್ಮೆಲೇ ಚಾಲೂ ಆದಾಗ ಆ ಗಾಳಿಗೆ ಬಿಟ್ಟುಕೊಂಡಿತೋ ಏನೋ. ಈ "ಏನೋ" ಬರೆಯೋದಕ್ಕೆ ಇಂಗ್ಲಿಷಿನಲ್ಲಿ ಒಳ್ಳೆ ವ್ಯವಸ್ಥೆ ಇದೆ. "ಮೇ ಹ್ಯಾವ್ ಓಪನ್ಡ್" ಅಂದರೆ ಹಾಗೂ ಆಗಿರಬಹುದು. "ಈಸ್ ಲೈಕ್ಲಿ ಟು ಹ್ಯಾವ್" ಅಂದರೆ ಹಾಗೇ ಆಗಿರೋದು ಜಾಸ್ತಿ. "ಮಸ್ಟ್ ಹ್ಯಾವ್" ಅಂದರೆ ಬೇರೆ ದಾರಿಯೇ ಇಲ್ಲ. ನಾನು ಮೊದಲನೇದನ್ನು ತೆಗೆದುಕೊಂಡೆ. ಹಮಾಲರ ಸಾಲು ರಿಪೋರ್ಟಿನಿಂದ ಹೋಯಿತು. ಅವರಿಗೆ ಅದು ಇದ್ದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ.

ಏನು ಮಾಡಿದೆವು ಅನ್ನೋ ಭಾಗ ಬರೆಯುವಾಗ ಇನ್ನೊಂದು ತೊಡಕು. ಕನ್ನಡದಲ್ಲಿ, ಚೀಲ ಇಳಿಸಿ, ಬಾಯಿ ಬಿಚ್ಚಿ, ಮೇಲೆ ನಡು ಕೆಳಗೆ ಮೂರು ಕಡೆ ಕಾಯಿ ತೆಗೆದು, ಪುಡಿ ಮಾಡಿ ತೇವ ನೋಡಿದೆವು, ಅಂದರೆ ಒಂದೇ ಉಸಿರು. ಅದನ್ನೇ ಇಂಗ್ಲಿಷಿಗೆ ಎಳೆದರೆ ಆಫ್ಟರ್, ಆಫ್ಟರ್, ಆಫ್ಟರ್. ಒಂದು ಕಡೆ "ಆಫ್ಟರ್ ಓಪನಿಂಗ್ ದ ಬ್ಯಾಗ್ಸ್, ಮೌಲ್ಡ್ ವಾಸ್ ನಾಟ್ ಫೌಂಡ್" ಅಂತ ಬರೆದಿದ್ದೆ. ಓದಿದರೆ ಬೂಷ್ಟೇ ಚೀಲ ಬಿಚ್ಚಿದ ಹಾಗಾಗುತ್ತದೆ. ನಮ್ಮ "ಬಿಚ್ಚಿ" ಮುಂದಿನ ಕ್ರಿಯಾಪದದ ಕೈ ಹಿಡಿದು ಹೋಗುತ್ತದೆ, ಬಿಚ್ಚಿದ್ದು ಯಾರು ಅಂತ ತಾನೇ ತಿಳಿಯುತ್ತದೆ. ಅಲ್ಲಿ ಹಾಗಲ್ಲ. ಕೊನೆಗೆ ಎಲ್ಲ ಕತ್ತರಿಸಿದೆ. ಒಂದು ಕೆಲಸಕ್ಕೆ ಒಂದು ವಾಕ್ಯ. "ಟೆನ್ ಬ್ಯಾಗ್ಸ್ ವರ್ ಓಪನ್ಡ್." ಫುಲ್‌ಸ್ಟಾಪ್. "ಸ್ಯಾಂಪಲ್ಸ್ ವರ್ ಟೇಕನ್ ಫ್ರಂ ತ್ರೀ ಲೆವೆಲ್ಸ್." ಫುಲ್‌ಸ್ಟಾಪ್. ಸಣ್ಣ ಹುಡುಗರ ಇಂಗ್ಲಿಷಿನ ಹಾಗೆ ಕಾಣುತ್ತದೆ ಅಂತ ನನಗೆ ನಾಚಿಕೆ. ಆಮೇಲೆ ನೋಡಿದರೆ ಕೊಚ್ಚಿಯ ಸರ್ ತಾವು ಬರೆಯೋ ಮೇಲ್‌ಗಳೂ ಹಾಗೇ ಇರುತ್ತಿದ್ದವು.

ಬಣ್ಣದ ವಿಷಯಕ್ಕೆ ಒಂದು ದಿನ ಕಾಯಬೇಕಾಗಿತ್ತು. ಆಸ್ಟಾ ಅನ್ನೋದು ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘ. ಅವರ ವಿಧಾನದಲ್ಲಿ ಸ್ವಲ್ಪ ಪುಡಿಯನ್ನು ಅಸಿಟೋನಿನಲ್ಲಿ ಹಾಕಿ 16 ತಾಸು ಕತ್ತಲಲ್ಲಿ ಇಡಬೇಕು. ಆಮೇಲೆ 460 ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನು ಅದು ಎಷ್ಟು ಹೀರುತ್ತದೆ ಅಂತ ಅಳೆಯಬೇಕು. ಬುಧವಾರ ಸಂಜೆಯೇ ಇಟ್ಟು ಹೋಗಿದ್ದೆ. ಗುರುವಾರ ಬಂದ ಅಂಕಿಗೂ ಏಪ್ರಿಲ್‌ನಲ್ಲಿ ಮಾಲು ಒಳಗೆ ಬಂದಾಗಿನ ಅಂಕಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಖುಷಿಯಲ್ಲಿ "ದೇರ್ ಈಸ್ ನೋ ಪ್ರಾಬ್ಲಮ್ ಇನ್ ಕಲರ್" ಅಂತ ಹೊಡೆದೆ. ಒಂದು ಗಂಟೆಯ ಮೇಲೆ ತಿರುಗಿ ಓದಿದಾಗ ಕಾಕಾ ಹೇಳಿದ ಮುದುಕಿ ನೆನಪಾದಳು. ಪ್ರಾಬ್ಲಮ್ ಇಲ್ಲ ಅನ್ನೋದು ನನ್ನ ಸಮಾಧಾನ. ಅವರಿಗೆ ಬೇಕಾದದ್ದು ಎರಡು ಅಂಕಿ. ಎರಡನ್ನೂ ಒಂದು ಪುಟ್ಟ ಟೇಬಲ್ ಮಾಡಿ ಇಟ್ಟೆ. ತೇವದ ಅಂಕಿಯೂ ಅಲ್ಲೇ: ಒದ್ದೆಯಾಗದ ಚೀಲದಲ್ಲಿ 10ರ ಆಸುಪಾಸು, ಒದ್ದೆ ಚೀಲದಲ್ಲಿ 13ರಿಂದ 14.6 ಪರ್ಸೆಂಟ್.

ತಾರೀಖಿನ ಒಂದು ಕಿವಿಮಾತು ಫೋನಿನಲ್ಲೇ ಬಂದಿತ್ತು. ಮಾಲು ಬಂದ ದಿನ ನಾನು 05/04 ಅಂತ ಬರೆದಿದ್ದೆ, ಏಪ್ರಿಲ್ ಐದು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಅದನ್ನೇ ಮೇ ನಾಲ್ಕು ಅಂತ ಓದುತ್ತಾರೆ. ತಿಂಗಳ ಹೆಸರನ್ನೇ ಬರೆದರೆ ಗೊಂದಲ ಇಲ್ಲ. "ಟುಡೇ ಮಾರ್ನಿಂಗ್", "ಯೆಸ್ಟರ್‌ಡೇ ನೈಟ್" ಎರಡನ್ನೂ ಹೊಡೆದು ಹಾಕಿದೆ. ಇಂಗ್ಲಿಷ್‌ನಲ್ಲಿ ಹಾಗೆ ಅನ್ನೋದಿಲ್ಲ ಅನ್ನೋದು ಒಂದು. ಎರಡು ತಿಂಗಳ ಮೇಲೆ ಯಾರಾದರೂ ಫೈಲು ತೆಗೆದರೆ "ಇವತ್ತು" ಅಂದರೆ ಯಾವತ್ತು? ಕ್ವಿಂಟಲ್ ಬಿಟ್ಟು ಕೆಜಿ ಹಾಕಿದೆ.

ಎ ಮತ್ತು ದ ಬಗ್ಗೆ ನನ್ನನ್ನು ಕೇಳಬೇಡಿ. ಕನ್ನಡದಲ್ಲಿ ಆ ಸಾಮಾನೇ ಇಲ್ಲ. ಕಾಕಾನ ಮಗ ಒಂದು ಗುಟ್ಟು ಹೇಳಿಕೊಟ್ಟ. ಮೊದಲ ಸಲ ಬಂದರೆ "ಒಂದು ಚೀಲ", ಅದೇ ಮತ್ತೆ ಬಂದರೆ "ಆ ಚೀಲ" ಅಂತ ಮನಸ್ಸಿನಲ್ಲೇ ಓದಿ ನೋಡು. ಒಂದು ಅನ್ನೋ ಕಡೆ ಎ, ಆ ಅನ್ನೋ ಕಡೆ ದ. ಹತ್ತರಲ್ಲಿ ಏಳು ಸಲ ಕೆಲಸ ಮಾಡಿತು. ಉಳಿದ ಮೂರನ್ನು ದೇವರ ಮೇಲೆ ಬಿಟ್ಟೆ.

ಕೊನೆಯ ಭಾಗ ರೆಕಮೆಂಡೇಷನ್ಸ್. "ಇಟ್ ಈಸ್ ರೆಕಮೆಂಡೆಡ್ ದಟ್ ಆನ್ ಅಲಾರ್ಮ್ ಬಿ ಫಿಟೆಡ್" ಅಂತ ಪುಸ್ತಕದ ರೀತಿ. ಇದೇನು "ಬಿ", "ಈಸ್" ಆಗಬೇಕಲ್ವಾ, ಪ್ರಿಂಟಿಂಗ್ ಮಿಸ್ಟೇಕು ಅಂದುಕೊಂಡು ಪೆನ್ನಿನಲ್ಲಿ ತಿದ್ದಿಯೂ ಬಿಟ್ಟೆ. ಮುಂದಿನ ಪುಟದಲ್ಲೂ "ಬಿ". ಅದರ ಮುಂದಿನದರಲ್ಲೂ. ಸಲಹೆ ಕೊಡುವಾಗ, ಆಗಿಲ್ಲದ ಆದರೆ ಆಗಬೇಕಾದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಕ್ರಿಯಾಪದ ಹೀಗೆ ಬರಿಮೈಯಲ್ಲಿ ನಿಲ್ಲುತ್ತದಂತೆ. ಧೈರ್ಯ ಸಾಲದಿದ್ದರೆ "ಶುಡ್ ಬಿ" ಅಂತ ಬರೆದರೂ ನಡೆಯುತ್ತದೆ. ಪುಸ್ತಕದಲ್ಲಿ ನಾನು ತಿದ್ದಿದ್ದನ್ನು ಅಳಿಸೋಕೆ ಆಗಲಿಲ್ಲ. ಹುಡುಗ ಇವತ್ತಿಗೂ ಅದನ್ನು ತೋರಿಸಿ ಆಡಿಕೊಳ್ಳುತ್ತಾನೆ.

ಗುರುವಾರ ಮಧ್ಯಾಹ್ನ ಎರಡು ಪುಟದ ಪ್ರಿಂಟನ್ನು ಸಾವ್ಕಾರ್ರ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿ ನಿಧಾನಕ್ಕೆ ಓದಿದರು. ಬೆರಳು ಒಂದು ಕಡೆ ನಿಂತಿತು.

"ರಬ್ಬರಿನ ಸುದ್ದಿ ಯಾಕ್ ಬರದಿ?"

"ಕಂಡುಬಂತ್ರಿ."

"ಕಂಡುಬಂದದ್ದೆಲ್ಲ ಬರೀಬೇಕೇನು? ಹಮಾಲರದು ತಪ್ಪು ಅಂತ ಮೊದಲ ಇತ್ತಲ್ಲ, ಅದ ಛಲೋ ಇತ್ತು."

ನನಗೆ ಎದೆ ಹೊಡೆದುಕೊಂಡಿತು. ಆದರೂ ಹೇಳಿದೆ. ಅವರು ಯಾರು ಹೇಳಿದರು ಅಂತ ಕೇಳುತ್ತಾರೆ, ನಮ್ಮ ಹತ್ತಿರ ಹೆಸರಿಲ್ಲ. ನಾಳೆ ಅವರ ಮನುಷ್ಯ ಬಂದು ಬಾಗಿಲು ನೋಡಿದರೆ ರಬ್ಬರು ಅವನ ಕಣ್ಣಿಗೂ ಕಂಡುಬರುತ್ತದೆ. ಸಾವ್ಕಾರ್ರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಹುಬ್ಬಳ್ಳಿಗೆ ಫೋನ್ ಹಚ್ಚಿ ಹೊಸ ರಬ್ಬರು ತರಿಸಿದರು. ರಾತ್ರಿ ಎಂಟಕ್ಕೆ ಫಿಟ್ಟರ್ ಹಾಕಿ ಹೋದ. ನಾನು ಒಂದು ಸಾಲು ಸೇರಿಸಿದೆ. "ದ ಗ್ಯಾಸ್ಕೆಟ್ ವಾಸ್ ರಿಪ್ಲೇಸ್ಡ್ ಆನ್ 19 ಜೂನ್." ಸಾವ್ಕಾರ್ರು ಅದನ್ನು ಎರಡು ಸಲ ಓದಿದರು. "ಇದನ್ನ ಮ್ಯಾಲ ಹಾಕಾಕ ಬರೂದಿಲ್ಲೇನು?" ಅಂದರು. ಬರೋದಿಲ್ಲ, ಅದು ಆಮೇಲೆ ನಡೆದದ್ದು ಅಂದೆ.

ಮನೆಗೆ ಹೋಗುವಾಗ ಕಾಕಾನಿಗೂ ಒಂದು ಪ್ರತಿ ತೋರಿಸಿದೆ. ಅವನು ಪುಟ ತಿರುವಿ ನೇರ ಕೊನೆಗೆ ಹೋದ.

"ಪಂಚರ ಸಹಿ ಎಲ್ಲೈತಿ?"

ಇಂಗ್ಲಿಷ್ ರಿಪೋರ್ಟಿನಲ್ಲಿ ಅದು ಇರೋದಿಲ್ಲ ಕಾಕಾ ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ. ಚೀಲ ಬಿಚ್ಚುವಾಗ ಒಬ್ಬಳೇ ಇದ್ದೆಯಾ ಅಂತ ಕೇಳಿದ. ಇಲ್ಲ, ಇಬ್ಬರು ಹಮಾಲರು ಇದ್ದರು. ಮತ್ತೆ ಅದನ್ನು ಬರೆಯೋಕೆ ಏನು ಧಾಡಿ ಅಂದ. ಹೌದಲ್ಲ ಅನ್ನಿಸಿತು. "ಇನ್ ದ ಪ್ರೆಸೆನ್ಸ್ ಆಫ್" ಅಂತ ಒಂದು ಸಾಲು ಹಾಕಿ, ಅವರಿಬ್ಬರ ಹೆಸರು ಬರೆದೆ. ಮೊದಲ ರಿಪೋರ್ಟಿನಲ್ಲಿ ಕೇರ್‌ಲೆಸ್ ಆಗಿದ್ದವರು ಈಗ ಸಾಕ್ಷಿ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಕಳಿಸಿದೆ. ರಿಪೋರ್ಟ್ ಬೇರೆ ಫೈಲು, ಮೇಲ್‌ನಲ್ಲಿ ಎರಡೇ ಸಾಲು. ಕೈಂಡ್ಲಿ ಡು ದ ನೀಡ್‌ಫುಲ್ ಅಂತ ಬೆರಳು ತಾನೇ ಹೊಡೆಯಿತು, ಅಳಿಸಿದೆ. ಮಧ್ಯಾಹ್ನ ಮೂರಕ್ಕೆ ಉತ್ತರ. 174 ಚೀಲ ತಗೊಳ್ಳುತ್ತೇವೆ, 38ರ ಸ್ಯಾಂಪಲ್ ಬೇರೆ ಕಳಿಸಿ, ಬೂಷ್ಟಿನ ವಿಷ ಇದೆಯಾ ಅಂತ ನಾವೇ ಟೆಸ್ಟ್ ಮಾಡುತ್ತೇವೆ, ಜೂನ್ 15ರಿಂದ 17ರ ಟೆಂಪರೇಚರ್ ಪುಸ್ತಕದ ಫೋಟೋ ಕಳಿಸಿ. ಜೊತೆಗೆ ನನ್ನ ಫೈಲನ್ನೂ ವಾಪಸ್ ಹಾಕಿದ್ದರು. ತೆರೆದು ನೋಡಿದರೆ ಎರಡು ಪುಟಕ್ಕೂ ಕೆಂಪು ಬಣ್ಣದಲ್ಲಿ ಹನ್ನೊಂದು "ದ" ಸೇರಿಸಿ, ನಾಲ್ಕನ್ನು ಹೊಡೆದು ಹಾಕಿದ್ದರು. ಕೆಳಗೆ, ಮುಂದಿನ ಸಲ ಪುಟದ ನಂಬರ್ ಹಾಕಿ ಅಂತ ಇತ್ತು.